ಕಂಬದ ಮೇಲಿನ ಕೆಂಪು ಕೈ

ಬೆಳಗಿನ ಆರು ಗಂಟೆ. ಪುಣೆಯ ಗದ್ದಲದ ರಸ್ತೆಯೊಂದರಿಂದ ಕೆಲವು ಮೆಟ್ಟಿಲು ಇಳಿದರೆ ಒಂದೇ ಬಂಡೆಯಲ್ಲಿ ಕೊರೆದ ಪುರಾತನ ಗುಹಾಲಯ. ಅರೆಗತ್ತಲಲ್ಲಿ ಹುಲಿಗೆವ್ವ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಪೊರಕೆ ಇನ್ನೂ ಮೂಲೆಯಲ್ಲೇ ಇದೆ. ಮೊದಲು ಅಂಗಾಲು ನೆಲವನ್ನು, ಬೆರಳುಗಳು ಕಂಬಗಳನ್ನು ತಡವಿ ನೋಡಬೇಕು. ಅವರು ಹುಡುಕುತ್ತಿರುವುದು ಅರಿಸಿನದ ಪುಡಿ.

ಜೇಜುರಿ ಇಲ್ಲಿಂದ ಒಂದೂವರೆ ತಾಸಿನ ದಾರಿ. ಅಲ್ಲಿ ಮೈಲಾರಲಿಂಗನಿಗೆ ಅರಿಸಿನದ ಭಂಡಾರ ಎರಚಿ, ಅದೇ ಹಳದಿ ಕೈಯಲ್ಲಿ ಕಾರು ಹತ್ತಿ, ಪುಣೆ ನೋಡಿಕೊಂಡು ಊರಿಗೆ ಮರಳುವ ಕುಟುಂಬಗಳು ಹಲವು. ಹೆಚ್ಚಿನವರು ನಮ್ಮ ಕಡೆಯವರೇ. ಗುಹೆಯ ತಂಪಿಗೆ ಬಂದೊಡನೆ ಯಾರಾದರೊಬ್ಬರು ಕಂಬಕ್ಕೆ ಕೈ ಊರುತ್ತಾರೆ. ಕಲ್ಲಿನ ಮೇಲೆ ಐದು ಬೆರಳು ಮೂಡುತ್ತವೆ.

ಆ ಗುರುತು ತೆಗೆಯಲು ಹುಲಿಗೆವ್ವ ನೀರು ಮುಟ್ಟುವುದಿಲ್ಲ. ಮೆತ್ತನೆಯ ಕುಂಚ, ಹಳೆಯ ಧೋತರದ ತುಂಡು, ಇಷ್ಟೇ. ಒಂದು ಕೈಗೆ ಇಪ್ಪತ್ತು ನಿಮಿಷ. "ನೀರು ಹಚ್ಚಿದ್ರ ಕಲ್ಲು ಬಣ್ಣ ಕುಡೀತದ್ರಿ. ಸೋಪು ಹಚ್ಚಿದ್ರ ಕೆಂಪಾಗ್ತದ" ಎನ್ನುತ್ತಾರೆ.

ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಸಿಂಧನೂರಿನ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೆ, ಹನ್ನೆರಡು ವರ್ಷದ ಹಿಂದೆ, ಗುಡಿಸುವ ಗುತ್ತಿಗೆ ಕೆಲಸಕ್ಕೆ ಸೇರಿದರು. ಮೊದಲ ವಾರವೇ ಒಳಗಿನ ಕಂಬದಲ್ಲೊಂದು ಹಳದಿ ಕೈ ಕಂಡಿತು. ಒಳ್ಳೆಯ ಹೆಸರು ಪಡೆಯುವ ಆಸೆಯಿಂದ ಸೋಪಿನ ಪುಡಿ ಹಾಕಿ ತಿಕ್ಕಿದರು. ಹಳದಿ ಕೈ ಕಣ್ಣೆದುರೇ ಕೆಂಪಾಯಿತು. ಬಿಸಿಲು ಬೀಳುವ ಜಾಗವಾಗಿದ್ದರೆ ದಿನಗಳೆದಂತೆ ಮಾಸುತ್ತಿತ್ತೇನೋ. ಆ ಕಂಬಕ್ಕೆ ಬಿಸಿಲಿಲ್ಲ.

ಯುಗಾದಿಗೆ ಅವರ ಗುತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಆ ಕೈ ಹೋಗಬೇಕು. ಆದರೂ ಕಲ್ಲು ಸವೆಯಬಾರದೆಂದು ದಿನವೂ ಅದರ ಮೇಲೆ ಕುಂಚವನ್ನು ಒಂದೇ ಸಲ, ಹಗುರಾಗಿ ಎಳೆಯುತ್ತಾರೆ.

ಎಂಟೂವರೆಗೆ ಧಾರವಾಡದ ಕಾರೊಂದು ಬಂದು ನಿಲ್ಲುತ್ತದೆ. ನಿಜಲಿಂಗಪ್ಪ, ಅವರ ಮಗಳು ಶಿವಾನಿ, ಕಣ್ಣು ಮಂಜಾದ ತಾಯಿ ರುದ್ರವ್ವ. ನಸುಕಿನಲ್ಲೇ ಜೇಜುರಿ ಮುಗಿಸಿದ್ದಾರೆ. ಮೂವರ ಕೈಯೂ ಹಳದಿ. ಹುಲಿಗೆವ್ವ ಮೆಟ್ಟಿಲ ಬಳಿ ಒಣಬಟ್ಟೆ ಹಿಡಿದು ನಿಲ್ಲುತ್ತಾರೆ. ಭಾನುವಾರಗಳಲ್ಲಿ ಹೀಗೆ ನಾನೂರು ಕೈ ಒರೆಸಿದ್ದುಂಟು.

ಶನಿವಾರವಾಡಾ ಉಳಿದಿದೆ, ಸಿಂಹಗಡ ಉಳಿದಿದೆ ಎಂದು ನಿಜಲಿಂಗಪ್ಪ ಗಡಿಯಾರ ನೋಡುತ್ತಾರೆ.

"ಸಾವಿರ ವರ್ಷದ ಮ್ಯಾಲಾತು ಇದು ನಿಂತು. ನಿಮಗ ಐದು ನಿಮಿಷ ನಿಲ್ಲಾಕ ಆಗಂಗಿಲ್ಲೇನ್ರಿ ಅಣ್ಣಾರ?" ಎನ್ನುತ್ತಾರೆ ಹುಲಿಗೆವ್ವ.

ಶಿವಾನಿ ನಗುತ್ತಾಳೆ. ರುದ್ರವ್ವ ಮಾತ್ರ ಮುಷ್ಟಿ ಬಿಚ್ಚುವುದಿಲ್ಲ. "ದೇವರ ಭಂಡಾರ ಅದ ತಂಗಿ. ಒರಸಿ ಚೆಲ್ಲೂದೇನು?"

ಹುಲಿಗೆವ್ವ ವಾದಿಸುವುದಿಲ್ಲ. ಮುಷ್ಟಿಯ ಅಂಚಿಗೆ ಮೆತ್ತಿದ ಪುಡಿಯನ್ನು ಬೆರಳಲ್ಲಿ ತೆಗೆದು ಅಜ್ಜಿಯ ಹಣೆಗೇ ಹಚ್ಚುತ್ತಾರೆ. ಮುಷ್ಟಿ ತಂತಾನೇ ಬಿಚ್ಚುತ್ತದೆ. ಉಳಿದದ್ದನ್ನು ಬಟ್ಟೆಗೆ ಒರೆಸಿ ಗಂಟು ಕಟ್ಟುತ್ತಾರೆ; ಸಂಜೆ ಅದು ಅಂಗಳದ ಆಲದ ಬುಡ ಸೇರುತ್ತದೆ.

ಆಮೇಲೆ ಅಜ್ಜಿಯ ಶುಭ್ರವಾದ ಕೈ ಹಿಡಿದು ಗೋಡೆಯ ಮೇಲಿಡುತ್ತಾರೆ. ಸಾಲುಸಾಲು ಉಳಿಯ ಗೆರೆಗಳು. ಯಾರೋ ಹೊಡೆದ ಒಂದೊಂದು ಪೆಟ್ಟೂ ಬೆರಳಿಗೆ ಸಿಗುತ್ತದೆ. ರುದ್ರವ್ವ ಒಂದೊಂದೇ ಗೆರೆ ತಡವುತ್ತಾ ಹೋಗುತ್ತಾರೆ. ಗಡಿಯಾರ ನೋಡುತ್ತಿದ್ದ ಮಗ ಈಗ ತಾಯಿಯ ಬೆರಳನ್ನೇ ನೋಡುತ್ತಿದ್ದಾರೆ. ಮೇಲಿನ ರಸ್ತೆಯ ಹಾರ್ನ್ ಸದ್ದು ಇಲ್ಲಿಗೆ ಇಳಿಯುವುದಿಲ್ಲ.

ಒಳಗಿನ ಕಂಬದ ಹತ್ತಿರ ಶಿವಾನಿ ಮೊಬೈಲ್ ಬೆಳಕು ಹಿಡಿದು, ಇದು ಯಾರ ಕೈ ಎಂದು ಕೇಳುತ್ತಾಳೆ.

"ಕೈ ಯಾರದೋ ಗೊತ್ತಿಲ್ಲವ್ವಾ. ಕೆಂಪು ಮಾಡಿದಾಕಿ ನಾನು."

ರುದ್ರವ್ವ ಹುಲಿಗೆವ್ವನ ತೋಳು ಮೆಲ್ಲಗೆ ಒತ್ತಿ ಮೆಟ್ಟಿಲ ಕಡೆ ತಿರುಗುತ್ತಾರೆ. ಕಾರು ಹೊರಟಾಗ ಒಂಬತ್ತೂಕಾಲು.

ಹುಲಿಗೆವ್ವ ಕುಂಚ ತೆಗೆದುಕೊಂಡು ಇವತ್ತಿನ ಒಂದು ಎಳೆತ ಎಳೆಯುತ್ತಾರೆ. ಕೆಂಪು ಹಾಗೇ ಇದೆ. ಜೋರಾಗಿ ತಿಕ್ಕಿದರೆ ನಾಳೆಯೇ ಹೋದೀತು, ಅದರ ಜೊತೆ ಉಳಿಯ ಗೆರೆಯೂ ಹೋದೀತು. ಅದು ಅವರಿಗೆ ಬೇಡ. ಯುಗಾದಿಯೊಳಗೆ ಹೋಗದಿದ್ದರೆ ಎಂದು ಕೇಳಿದರೆ ಕುಂಚದ ಪುಡಿ ಕೊಡವುತ್ತಾರೆ.

"ಹೋಗಲಿಲ್ಲಂದ್ರ ಇರಲಿ ಬಿಡ್ರಿ. ನನ್ನ ಹಿಂದ ಬರಾಕಿ ಸೋಪಿನ ಪುಡಿ ತಗೊಳ್ಳೂದಕ್ಕಿಂತ ಮೊದಲ ಒಮ್ಮೆ ಅದನ್ನ ನೋಡ್ಲಿ."