ಟ್ರಂಕಿನೊಳಗಿನ ಜಡೆ

ಆಧಾರ್ ಕಾರ್ಡ್ ಹುಡುಕಲು ಟ್ರಂಕ್ ತೆಗೆದೆ. ತಳದಲ್ಲಿದ್ದ ಬಟ್ಟೆಯ ಗಂಟಿನಿಂದ ಗರುಗದ ಸೊಪ್ಪು ಕುದಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಒಳಗೇನಿದೆ ಎಂದು ಗೊತ್ತಿದ್ದೂ ಬಿಚ್ಚುವ ಧೈರ್ಯವಾಗಲಿಲ್ಲ...

ನಮ್ಮೂರು ಕೆರೆಬಿಳಚಿಯಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕನ ಜಡೆ ಅದು. ತಲೆಗೂದಲಿನ ಎಣ್ಣೆ ಕಾಯಿಸಿ ಮಾರುವುದು ಅವಳ ಕಸುಬು. ಮೊಣಕಾಲು ಮುಟ್ಟುತ್ತಿದ್ದ ಆ ಜಡೆಯೇ ಅವಳ ಅಂಗಡಿಯ ಬೋರ್ಡು. ಸಂತೇಬೆನ್ನೂರಿನ ಸಂತೆಯಲ್ಲಿ ಜನ ಜಡೆ ನೋಡಿ, ಸೀಸೆ ಮೂಸಿ, ಮುಂದೆ ಹೋಗಿಬಿಡುತ್ತಿದ್ದರು. ಆಫ್ರಿಕಾಕ್ಕೆ ಎಣ್ಣೆ ಒಯ್ದು ಮಾರಿದವರು ಊರಿಗೆ ಬಂದು ಮನೆ ಕಟ್ಟಿಸಿದಾಗ ಅವಳೂ ಪಾಸ್‌ಪೋರ್ಟ್ ಮಾಡಿಸಿದಳು, ಹಟ ಹಿಡಿದು ನನಗೂ ಮಾಡಿಸಿದಳು. ಮೊದಲು ತಾನು ಹೋಗುವುದು, ಆಮೇಲೆ ನನ್ನನ್ನು ಕರೆಸಿಕೊಳ್ಳುವುದು ಎಂದು ಮಾತಾಯಿತು.

ಅವಳು ಹೋದ ಊರಿನಲ್ಲಿ ಯುದ್ಧ ಶುರುವಾಯಿತು. ಒಂದು ಮಧ್ಯಾಹ್ನ ಫೋನ್ ಬಂತು.

"ಕರೆಂಟಿಲ್ಲ, ನೀರಿಲ್ಲ ಕಣೇ. ಬಾಗ್ಲು ತೆಗೆಯಾಕೆ ಆಗಂಗಿಲ್ಲ. ಅವ್ವಂಗೆ ಹೇಳಬ್ಯಾಡ." ಹಿಂದೆ ಏನೋ ಸಿಡಿದ ಸದ್ದು. ಫೋನ್ ಕಟ್ಟಾಯಿತು.

ಅವಳ ಅವ್ವ ದಿನಾ ನಮ್ಮ ಕಟ್ಟೆಗೆ ಬಂದು, "ಫೋನ್ ಮಾಡಿದ್ಲೇನವ್ವ? ಹೆಂಗೈದಾಳೆ?" ಎನ್ನುತ್ತಿದ್ದರು. ಚೆನ್ನಾಗಿದ್ದಾಳೆ ಎಂದು ಸುಳ್ಳು ಹೇಳಿ ಒಳಗೋಡುತ್ತಿದ್ದೆ.

ಕೊನೆಗೂ ಅಕ್ಕ ಬಂದಳು. ತಲೆ ಮೇಲಿನ ಸೆರಗು ಜಾರಿದಾಗ ಕೂದಲು ಕತ್ತಿನವರೆಗಷ್ಟೇ ಇತ್ತು. ವಾರಗಟ್ಟಲೆ ನೀರಿಲ್ಲದೆ ಹೇನು ಮುತ್ತಿ, ತರಕಾರಿ ಚಾಕುವಿನಿಂದ ತಾನೇ ಕೊಯ್ದುಕೊಂಡಿದ್ದಳಂತೆ. ಆದರೂ ಬಿಸಾಡದೆ ತಂದಿದ್ದ ಆ ಜಡೆಯನ್ನು ತೊಳೆದು, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿದಳು. ಜಡೆ ನೋಡದೆ ಗಿರಾಕಿ ನಂಬುವುದಿಲ್ಲವಲ್ಲ!

ಇನ್ನೆಲ್ಲಿಗೂ ಹೋಗಲಾರಳು ಅಂದುಕೊಂಡಿದ್ದೆ. ಕೆಲವೇ ತಿಂಗಳಲ್ಲಿ ಬೇರೊಂದು ದೇಶಕ್ಕೆ ಟಿಕೆಟ್ ಮಾಡಿಸಿದಳು.

"ಹೆದ್ರಿಕೆ ಆಗಲ್ವೇನಕ್ಕ?"

"ಆಗ್ತೈತೆ. ಆದ್ರೆ ಈ ಕಟ್ಟೆ ಮ್ಯಾಲೆ ಕುಂತೇ ಮುದುಕಿ ಆಗಾಕೆ ಅದಕ್ಕಿಂತ ಹೆದ್ರಿಕೆ ಆಗ್ತೈತೆ." ಗಂಟನ್ನು ನನ್ನ ಕೈಗಿಟ್ಟಳು. "ನೀನು ಬರಾವಾಗ ತಗಂಡು ಬಾ. ಇದಿಲ್ದೆ ನನ್ ಯಾಪಾರ ನಡಿಯಂಗಿಲ್ಲ. ಅದಕ್ಕಾದ್ರೂ ಬರ್ತೀಯ."

ನಾನು ಹೋಗಲಿಲ್ಲ. ಆ ಸಿಡಿದ ಸದ್ದು ಕಿವಿಯಿಂದ ಹೋಗಿರಲಿಲ್ಲ. ಜಡೆ ಯಾವಾಗ ತರುತ್ತೀಯ ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಮೊದಮೊದಲು ಜ್ವರ, ಮನೆಯಲ್ಲಿ ಮದುವೆ ಎಂದು ನೆಪ ಹೇಳಿದೆ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ನಾಚಿಕೆ ತಡೆಯಲಾಗದೆ ಒಂದು ದಿನ ನಾನೇ ಮಾಡಿದಾಗ ನಂಬರ್ ಬಂದ್ ಆಗಿತ್ತು... ಇವತ್ತಿಗೂ ಹಾಗೇ ಇದೆ. ಅವಳು ಇನ್ನಿಲ್ಲವೇನೋ ಎಂದು ಒಳಗೊಳಗೇ ಅನ್ನಿಸುತ್ತದೆ, ಬಾಯಿಬಿಟ್ಟು ಹೇಳಲು ಭಯ.

ಒಂದೂ ಮುದ್ರೆ ಬೀಳದ ನನ್ನ ಪಾಸ್‌ಪೋರ್ಟನ್ನು ಗಂಟಿನ ಪಕ್ಕಕ್ಕೆ ಸರಿಸಿ ಟ್ರಂಕ್ ಮುಚ್ಚಿದೆ. ಹೊರಗೆ ಕಟ್ಟೆಯ ಮೇಲಿಂದ ಅವಳ ಅವ್ವನ ದನಿ ಬಂತು.

"ಫೋನ್ ಮಾಡಿದ್ಲೇನವ್ವ?"

"ಹೂಂ ಅವ್ವ, ಚೆನ್ನಾಗೈದಾಳೆ," ಅಂದೆ.