ಪಾಠಕ್ಕೆ ಕಟ್ಟಿದ ಹಾರ

ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡುತ್ತಿದ್ದೆ, ಹರಿಹರದಿಂದ ಮಗಳ ಫೋನು ಬಂತು. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಅವಳು ಅವತ್ತು ಮಾದರಿ ಪಾಠ ಮಾಡಬೇಕಿತ್ತು. ಪಾಠ ಒಪ್ಪಿಗೆಯಾದರೆ ಟೀಚರ್ ಕೆಲಸ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತವಳಿಗೆ ಬಂದಿದ್ದ ಮೊದಲ ಕರೆ ಅದು.

ಒಂದನೇ ಕ್ಲಾಸಿನ ಮಕ್ಕಳಿಗೆ ಪಾಲಿಮರ್ ಅಂದರೇನು ಅಂತ ಹೇಳಬೇಕು, ಶಾಲೆಯವರೇ ಕೊಟ್ಟ ವಿಷಯ. ಅಷ್ಟು ಚಿಕ್ಕವಕ್ಕೆ ಅದೆಲ್ಲ ಯಾಕೆ ಅಂದಿದ್ದೆ. ಹಿಂದಿನ ಸಂಜೆ ನನ್ನನ್ನೇ ಮಗುವಿನ ಹಾಗೆ ಎದುರಿಗೆ ಕೂರಿಸಿಕೊಂಡಳು.

"ಒಂದು ಹೂ ಒಂದು ಸಣ್ಣ ಕಣ ಅನ್ಕ ಅವ್ವ. ಅಂಥವು ಒಂದಕ್ಕೊಂದು ಕೂಡ್ಕೊಂಡ್ರೆ ಉದ್ದನೆ ಸರಪಳಿ ಆಗ್ತೈತೆ. ಅದೇ ಪಾಲಿಮರ್."

ಹಾಲಿನ ಕವರು, ಬಕೆಟ್ಟು, ದೀಪದ ಹತ್ತಿ, ಎಲ್ಲದರೊಳಗೂ ಕಣ್ಣಿಗೆ ಕಾಣದ ಇಂಥ ಸರಪಳಿಗಳೇ ಇವೆಯಂತೆ. ನನಗೇ ತಿಳಿಯಿತು ಅಂದಮೇಲೆ ಮಕ್ಕಳಿಗೆ ತಿಳಿಯದೆ ಇರುತ್ತದೆಯೇ?

ಹಾರ ನಾನೇ ಕಟ್ಟಿದೆ. ಇದು ನಿನಗಲ್ಲಪ್ಪ, ಪಾಠಕ್ಕೆ ಅಂತ ಶಿವನಿಗೆ ಮೊದಲೇ ಹೇಳಿಕೊಂಡು, ಸೇವಂತಿಗೆಯನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದೆ. ತುದಿಯಲ್ಲಿ ನಾರು ಉದ್ದ ಬಿಟ್ಟಿದ್ದೆ. ಮಕ್ಕಳು ಒಬ್ಬೊಬ್ಬರೇ ಬಂದು ಬಿಡಿ ಹೂ ಸೇರಿಸಿ ಸರಪಳಿ ಬೆಳೆಸಬೇಕು.

ಪಾಠ ನೋಡಲು ಶಾಲೆಯ ಅಧ್ಯಕ್ಷರೇ ಬಂದರಂತೆ. ಮೇಜಿನ ಮೇಲೆ ಹಾರ ಕಂಡ ಹೆಡ್‌ಮೇಡಮ್ ಒಂದು ಮಾತೂ ಕೇಳದೆ ಎತ್ತಿ ಅವರ ಕೊರಳಿಗೆ ಹಾಕಿದರು. ನಮ್ಮ ಕಡೆ ಹಾರ ಕಂಡರೆ ಕೊರಳು ಹುಡುಕುವವರೇ ಎಲ್ಲ. ಚಪ್ಪಾಳೆ ಬೇರೆ. ಮಗಳು ಹತ್ತಿರ ಹೋಗಿ, ಅದು ಪಾಠದ ಹಾರ, ವಾಪಸ್ ಕೊಡ್ರಿ ಸರ್ ಅಂದಿದ್ದಾಳೆ. ಅವರು ಹಾರ ಕಿತ್ತು ಮೇಜಿನ ಮೇಲೆ ಒಗೆದರು. ನಾರು ಹರಿದು ಹೂ ಚೆಲ್ಲಿದವು. ಅವನ್ನೇ ಆಯ್ದು ಮಕ್ಕಳ ಕೈಗೆ ಕೊಟ್ಟು ಪಾಠ ಶುರು ಮಾಡುವಷ್ಟರಲ್ಲಿ ಅಧ್ಯಕ್ಷರು ಎದ್ದು ಹೋಗಿದ್ದರು. ಹೆಡ್‌ಮೇಡಮ್ ಇವಳನ್ನು ಹೊರಗೆ ಕರೆದರು.

"ಪಾಠ ಆಮೇಲಮ್ಮ. ದೊಡ್ಡೋರ ಹತ್ರ ಹೆಂಗಿರಬೇಕು ಅಂತ ಮೊದ್ಲು ಕಲ್ಕೊಂಡ್ ಬಾ."

ಅಲ್ಲಿಗೆ ಕೆಲಸ ಹೋಯಿತು.

"ಅಷ್ಟು ಚೆಂದ ಯಾಕ ಕಟ್ಟಿದಿ ಅವ್ವ?" ಅಂತ ಫೋನಿನಲ್ಲಿ ಕೇಳಿದಳು.

ಆಮೇಲೆ ಊರಿನ ಬಸ್ಸಿನಲ್ಲಿ ಸೀಟು ಸಿಕ್ಕಿದೆ ಅಂದಳು. ಶಿವ ಅಷ್ಟಕ್ಕಾದರೂ ಕಣ್ಣುಬಿಟ್ಟ. ಆ ಹಾರ ಅವನಿಗೇ ಏರಿಸಿದ್ದರೆ ಅವನೇನು ಕಿತ್ತು ಒಗೆಯುತ್ತಿರಲಿಲ್ಲ.

ಮಂಡಕ್ಕಿ ನೆನೆದು ಮುದ್ದೆಯಾಗಿತ್ತು. ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಸುರಿದು ಬಂದೆ. ಸಂಜೆಯ ದೀಪಕ್ಕೆ ಬತ್ತಿ ಇರಲಿಲ್ಲ. ಹತ್ತಿ ತೆಗೆದುಕೊಂಡು ಎಳೆ ಎಳೆದು ಹೊಸೆಯುತ್ತ ಕೂತೆ.