ಎಣಿಸಬಾರದ ಹಿಂಡು

ನನ್ನ ಅಪ್ಪನ ತಮ್ಮ ಬೀರಸಿದ್ದಪ್ಪ ಕಾಕಾ ಮಮದಾಪುರದಲ್ಲಿ ಯಾರಿಗೂ ಹೆದರಿದವನಲ್ಲ. ಹೆದರುತ್ತಿದ್ದುದು ದೃಷ್ಟಿಗೆ ಮಾತ್ರ. ಕುರಿ ಎಣಿಸಬಾರದು, ಹೊರಗಿನವರಿಗಂತೂ ಲೆಕ್ಕ ಹೇಳಲೇಬಾರದು, ಹೇಳಿದರೆ ಹಿಂಡು ಕರಗುತ್ತದೆ ಎಂಬುದು ನಮ್ಮ ಮನೆಯ ಹಳೇ ನಂಬಿಕೆ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಅವನು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದ. ಒಂದು ಕಾಣದಿದ್ದರೂ ಅವನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ.

ಗೋಕಾಕ ಬೆಳೆಯುತ್ತಲೇ ಇತ್ತು, ಸಂಜೆಯಾದರೆ ಕರೆಂಟು ಸಾಲುತ್ತಿರಲಿಲ್ಲ. ಸೀರಿಯಲ್ ನಡುವೆ ಲೈಟು ಹೋದರೆ ಪೇಟೆಯವರಿಗೆ ಊರೇ ಮುಳುಗಿದಂತೆ! ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಸಂಜೆ ಪಟ್ಟಣಕ್ಕೆ ಕೊಡಲು ನಮ್ಮೂರ ಗಾಯರಾಣದಲ್ಲಿ, ದನಕುರಿ ಮೇಯುವ ಸರಕಾರಿ ನೆಲದಲ್ಲಿ, ಸೋಲಾರ್ ಹಾಕುವುದೆಂದಾಯಿತು. ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ ನಾನು ಕೆಲಸದ ಆಸೆಗೆ ಕಂಪನಿಯ ಸಾಹೇಬರ ಹಿಂದೆ ಹಿಂದೆ ಓಡಾಡುತ್ತಿದ್ದೆ. ಸಾಹೇಬರು ಕೆಟ್ಟವರಲ್ಲ. ಕುರಿ ಬಹಳ ಇದ್ದರೆ ಹಳ್ಳದ ನೀರಿಗೆ ಹೋಗಲು ನಡುವೆ ದಾರಿ ಬಿಡಬೇಕಾಗುತ್ತದೆಂದು ಲೆಕ್ಕ ವಿಚಾರಿಸಲು ಬಂದಿದ್ದರು.

“ಯಜಮಾನ್ರ, ಇಲ್ಲಿ ಎಷ್ಟು ಕುರಿ ಮೇಯತಾವ್ರಿ?”

ಸಾಹೇಬರ ಕೈಯ ಪೆನ್ನನ್ನು ಕಾಕಾ ನೋಡಿದ. “ಎಲ್ಲಿ ಕುರಿ ಬಿಡ್ರಿ ಸಾಹೇಬ್ರ. ನಾಕೈದು ಅದಾವ.”

ಗುಡ್ಡದ ಮರೆಯಲ್ಲಿ ನೂರಕ್ಕೂ ಹೆಚ್ಚು ಕುರಿ ಮೇಯುತ್ತಿದ್ದವು. ಸಾಹೇಬರು ನನ್ನತ್ತ ತಿರುಗಿದರು. “ಖರೆ ಏನವಾ?”

ನಾನು ಹೌದೆಂದು ಗೋಣು ಹಾಕಿದೆ. ಕಾಕಾನ ನಂಬಿಕೆಗೆ ಮರ್ಯಾದೆ ಕೊಟ್ಟೆನೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದಾರಿಯ ತಕರಾರು ಎದ್ದರೆ ಕೆಲಸ ಕೈತಪ್ಪೀತೆಂಬ ಹೆದರಿಕೆ ಅದು.

ಕೆಲಸ ಸಿಕ್ಕಿತು. ತಂತಿಬೇಲಿಯೂ ಎದ್ದಿತು, ಎಲ್ಲಿಯೂ ಸಂದಿಯಿಲ್ಲದೆ. ಹಿಂಡು ನೀರಿಗೆ ಡಾಂಬರು ರಸ್ತೆ ಸುತ್ತಿ ಹೋಗಬೇಕಾಯಿತು. ಕಬ್ಬಿನ ಟ್ರ್ಯಾಕ್ಟರಿನ ಗಾಲಿಗೆ ವಾರದಲ್ಲಿ ಎರಡು ಕುರಿ ಸಿಕ್ಕವು. ಕಾಕಾ ಬೇಲಿಯ ಹತ್ತಿರ ಬಂದು ನನ್ನನ್ನು ಕೂಗಿದ.

“ವಿದ್ಯಾ, ಒಂದು ಸಣ್ಣ ಗೇಟ ಮಾಡಿಸಾಕ ಹೇಳವಾ.”

ಹೇಳಿದೆ. ನಾಲ್ಕೈದು ಕುರಿಗೆ ಗೇಟು ಯಾಕೆ ಎಂದರು ಆಫೀಸಿನಲ್ಲಿ. ಆಗಲಾದರೂ ಖರೆ ಹೇಳಬಹುದಿತ್ತು. ಆ ಸುಳ್ಳಿಗೆ ಗೋಣು ಹಾಕಿದವಳು ನಾನೇ ಎಂದು ಗೊತ್ತಾಗುತ್ತದೆಂದು ಸುಮ್ಮನಾದೆ.

ಬೇಸಿಗೆಯಲ್ಲಿ ಕಾಕಾ ಹಿಂಡು ಮಾರಿದ. ವ್ಯಾಪಾರಿ ಬೆರಳು ಮಾಡಿ ಜೋರಾಗಿ ಎಣಿಸುವಾಗ ಕಾಕಾ ಮುಖದ ಮೇಲೆ ಕಂಬಳಿ ಎಳೆದುಕೊಂಡು ಕುಳಿತಿದ್ದ.

ಈ ಮಳೆಗಾಲ, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಸೋಲಾರ್ ಪ್ಲೇಟುಗಳ ನಡುವೆ ಹುಲ್ಲು ಎದೆಯುದ್ದ ಬೆಳೆಯಿತು. ನೆರಳು ಬಿದ್ದು ಬ್ಯಾಟರಿ ತುಂಬುತ್ತಿಲ್ಲ. ಹುಲ್ಲು ಕೊಯ್ಯುವ ಮಷೀನು ಹಚ್ಚಿದರೆ ಕಲ್ಲು ಸಿಡಿದು ಗಾಜು ಒಡೆಯುತ್ತದೆ. ಬೇಲಿಯೊಳಗೆ ಕುರಿ ಬಿಡುವುದೊಂದೇ ಉಪಾಯ, ನೂರಾದರೂ ಬೇಕು ಎಂದ ಸಾಹೇಬರು, ಆಗ ಲೆಕ್ಕ ಕಡಿಮೆ ಹೇಳಿರಬೇಕೆಂಬ ಅನುಮಾನದಿಂದ, ನನ್ನನ್ನು ಕರೆದುಕೊಂಡು ಕಾಕಾನ ಮನೆಗೆ ಬಂದರು.

“ಎಷ್ಟು ಕುರಿ ಅದಾವ್ರಿ ಯಜಮಾನ್ರ? ಖರೆ ಹೇಳ್ರಿ.”

ಕಾಕಾ ಎದ್ದು ಹಟ್ಟಿಯಲ್ಲಿ ಮಾರದೆ ಉಳಿದವುಗಳ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವಂತೆ ಎಣಿಸಿದ.

“ನಾಕ ಅದಾವ್ರಿ. ಬೇಕಾದ್ರ ನಮ್ಮ ವಿದ್ಯಾನ ಕೇಳ್ರಿ.”

ಸಾಹೇಬರು ನನ್ನತ್ತ ತಿರುಗಿದರು. ನಾನು ಹೌದೆಂದು ಗೋಣು ಹಾಕಿದೆ.